ಕುಂಬಳವಿಲ್ಲದ ಕುಂಬಳದ ಪುಡಿ

ಹೆಸರಿಡುವ ವಿಷಯದಲ್ಲಿ ಅಡುಗೆಮನೆಗೆ ತನ್ನದೇ ಆದ ಒಂದು ವ್ಯಾಕರಣವಿದೆ. ಸಾರಿನ ಪುಡಿಯಲ್ಲಿ ಸಾರು ಇರುವುದಿಲ್ಲ. ಹುಳಿಯ ಪುಡಿಯಲ್ಲಿ ಹುಳಿ ಇರುವುದಿಲ್ಲ. ರೂಪ ಷಷ್ಠೀ ವಿಭಕ್ತಿಯದಾದರೂ ಅರ್ಥ ಚತುರ್ಥಿಯದು. ಸಾರಿನ ಪುಡಿಯೆಂದರೆ ಸಾರಿಗೆಂದು ಕುಟ್ಟಿದ ಪುಡಿ. ಇದೇ ಜಾತಿಗೆ ಸೇರಿದ ಹೆಸರೊಂದು ಅಮೆರಿಕದಲ್ಲಿಯೂ ಇದೆ. ‘ಪಂಪ್‌ಕಿನ್ ಪೈ ಸ್ಪೈಸ್’ ಎಂದು ಅಲ್ಲಿನವರು ಕರೆಯುವ ಪುಡಿಯಲ್ಲಿ ಸಿಹಿಗುಂಬಳದ ಲವಲೇಶವೂ ಇರುವುದಿಲ್ಲ. ಅದು ಕುಂಬಳಕ್ಕೆಂದು ಮಾಡಿದ ಪುಡಿ. ಅದನ್ನು ಮನೆಯಲ್ಲಿಯೇ ಮಾಡಿಕೊಳ್ಳುವುದರ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮಲ್ಲಿ ಶರದೃತುವೆಂದರೆ ಮಳೆ ಹಿಂದೆಗೆದು ಆಕಾಶ ತಿಳಿಯಾಗುವ ಕಾಲ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಅದು ಮೇಪಲ್ ಮರಗಳ ಎಲೆ ಕೆಂಪೇರಿ ಉದುರುವ, ಹೊಲದಲ್ಲಿ ಬಲಿತ ಕುಂಬಳಗಳನ್ನು ಚಳಿ ಕೊರೆಯುವ ಮುನ್ನ ಮನೆಗೆ ತರುವ ಕಾಲ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ, ಕುಂಬಳದ ಪೈ ಇಲ್ಲದಿದ್ದರೆ ಅನೇಕ ಮನೆಗಳಲ್ಲಿ ಅಪೂರ್ಣವೇ. ಮೈದಾ ಮತ್ತು ಬೆಣ್ಣೆಯ ಕಣಕವನ್ನು ತಟ್ಟೆಯಲ್ಲಿ ಹರಡಿ, ಬೇಯಿಸಿ ಅರೆದ ಕುಂಬಳ, ಹಾಲು, ಮೊಟ್ಟೆ, ಸಕ್ಕರೆಗಳ ಹೂರಣವನ್ನು ಅದರಲ್ಲಿ ತುಂಬಿ, ಓವನ್ನಿನಲ್ಲಿ ಬೇಯಿಸಿದರೆ ಪೈ ಆಗುತ್ತದೆ. ಕುಂಬಳ ಸ್ವಭಾವತಃ ಸೌಮ್ಯ. ಸಿಹಿಯುಂಟು, ಪರಿಮಳ ಸಾಲದು. ಆ ಕೊರತೆಯನ್ನು ತುಂಬಲು ದಾಲ್ಚಿನ್ನಿ, ಒಣಶುಂಠಿ, ಜಾಯಿಕಾಯಿ, ಲವಂಗ, ಆಲ್‌ಸ್ಪೈಸ್ ಎಂಬ ಐದು ಸಂಬಾರ ಪದಾರ್ಥಗಳು ಕೂಡಿ ಬರುತ್ತವೆ. ಕಡೆಯದು ಜಮೈಕಾದ ಕಡೆಯ ಒಂದು ಮರದ ಒಣಗಿದ ಕಾಯಿ. ನೋಡಲು ದಪ್ಪ ಮೆಣಸಿನ ಕಾಳಿನಂತೆ, ಮೂಸಿದರೆ ಲವಂಗ, ಚಕ್ಕೆ, ಜಾಯಿಕಾಯಿ ಒಟ್ಟಿಗೆ ಇದ್ದಂತೆ. ಉಳಿದ ನಾಲ್ಕೂ ಏಷ್ಯಾದಿಂದ ಅಲ್ಲಿಗೆ ಹೋದವು. ಸಿಹಿಗುಂಬಳವೋ ಆ ಖಂಡದಿಂದ ನಮ್ಮ ಹಿತ್ತಿಲಿಗೆ ಬಂದಿತು.

ಈ ಐದರ ಕೂಟ ಅನಾದಿಯಾದುದೇನೂ ಅಲ್ಲ. 1796ರಲ್ಲಿ ಅಮೆಲಿಯಾ ಸಿಮನ್ಸ್ ಎಂಬಾಕೆ ‘ಅಮೆರಿಕನ್ ಕುಕರಿ’ ಎಂಬ ಪಾಕಪುಸ್ತಕವನ್ನು ಪ್ರಕಟಿಸಿದಳು. ಅದರಲ್ಲಿ ಕುಂಬಳದ ಎರಡು ಪಾಕಗಳಿವೆ. ಒಂದಕ್ಕೆ ಜಾಪತ್ರೆ, ಜಾಯಿಕಾಯಿ, ಶುಂಠಿ. ಇನ್ನೊಂದಕ್ಕೆ ಆಲ್‌ಸ್ಪೈಸ್ ಮತ್ತು ಶುಂಠಿ ಮಾತ್ರ. ದಾಲ್ಚಿನ್ನಿಯೂ ಇಲ್ಲ, ಲವಂಗವೂ ಇಲ್ಲ. ಒಂದೇ ಪುಟದಲ್ಲಿ ಎರಡು ರುಚಿಗಳಿಗೆ ಎಡೆಯಿತ್ತು ಎಂಬುದು ಗಮನಿಸಬೇಕಾದ ಸಂಗತಿ. 1934ರಲ್ಲಿ ಮ್ಯಾಕ್‌ಕಾರ್ಮಿಕ್ ಕಂಪನಿ ಸಿದ್ಧ ಮಿಶ್ರಣವನ್ನು ಡಬ್ಬಿಯಲ್ಲಿ ಮಾರತೊಡಗಿತು. ಅನುಕೂಲವೇನೋ ಆಯಿತು, ಆದರೆ ಐದು ಹೆಸರುಗಳು ಒಂದು ಹೆಸರಿನ ಹಿಂದೆ ಮರೆಯಾದವು. ಮುಂದೆ 2003ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳು ಇದೇ ಪರಿಮಳದ ಕಾಫಿಯನ್ನು ತಂದಾಗ ‘ಪಂಪ್‌ಕಿನ್’ ಎಂಬ ಶಬ್ದ ತರಕಾರಿಯನ್ನು ಬಿಟ್ಟು ಪರಿಮಳವನ್ನೇ ಸೂಚಿಸತೊಡಗಿತು. 2015ರವರೆಗೆ ಆ ಕಾಫಿಯಲ್ಲಿ ಕುಂಬಳವೇ ಇರಲಿಲ್ಲ.

ಹೆಸರು ಮರೆಯಾದರೆ ನಷ್ಟವೇನು ಎಂದು ಕೇಳಬಹುದು. ಮೊದಲನೆಯ ನಷ್ಟ ಚರಿತ್ರೆಯದು. ಜಾಯಿಕಾಯಿ ಒಂದು ಕಾಲಕ್ಕೆ ಇಂಡೋನೇಷ್ಯಾದ ಬಾಂಡಾ ದ್ವೀಪಗಳಿಂದ ಮಾತ್ರ ಲೋಕಕ್ಕೆ ಬರುತ್ತಿತ್ತು. ಆ ವ್ಯಾಪಾರವನ್ನು ಕೈವಶ ಮಾಡಿಕೊಳ್ಳಲು 1621ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಅಲ್ಲಿನ ಬಹುಪಾಲು ಜನರನ್ನು ಕೊಂದಿತು, ಇಲ್ಲವೇ ನೆಲೆಗೆಡಿಸಿತು. 1667ರ ಬ್ರೆಡಾ ಒಪ್ಪಂದದಲ್ಲಿ ಆ ಗುಂಪಿನ ರನ್ ಎಂಬ ಪುಟ್ಟ ದ್ವೀಪ ಡಚ್ಚರ ಪಾಲಿಗೆ ಉಳಿಯಿತು. ಇಂದಿನ ನ್ಯೂಯಾರ್ಕಿನ ಮ್ಯಾನ್‌ಹಟನ್ ಇಂಗ್ಲಿಷರ ಪಾಲಿಗೆ ಉಳಿಯಿತು. ನ್ಯೂಯಾರ್ಕಿನ ಮನೆಯೊಂದರ ಪೈ ಮೇಲೆ ಉದುರುವ ಜಾಯಿಕಾಯಿಯ ಪುಡಿಗೆ ಇಂಥ ಹಿನ್ನೆಲೆಯಿದೆ.

ಎರಡನೆಯ ನಷ್ಟ ಹೆಚ್ಚು ಹತ್ತಿರದ್ದು. 2023ರ ಶರತ್ಕಾಲದಲ್ಲಿ ಅಮೆರಿಕದಲ್ಲಿ ಮಕ್ಕಳಿಗೆಂದು ಮಾರುತ್ತಿದ್ದ, ದಾಲ್ಚಿನ್ನಿ ಬೆರೆಸಿದ ಸೇಬಿನ ಗೊಜ್ಜಿನಲ್ಲಿ ಸೀಸದ ವಿಷ ಕಂಡುಬಂದಿತು; ನೂರಾರು ಮಕ್ಕಳ ರಕ್ತಕ್ಕೆ ಅದು ಸೇರಿತ್ತು. ದಾಲ್ಚಿನ್ನಿಯನ್ನು ಪುಡಿ ಮಾಡಿದ್ದು ಈಕ್ವೆಡಾರ್ ದೇಶದಲ್ಲಿ. ಶ್ರೀಲಂಕಾದಿಂದ ಅಲ್ಲಿಗೆ ಹೋಗಿದ್ದ ಇಡೀ ಚಕ್ಕೆಯನ್ನು ಪರೀಕ್ಷಿಸಿದಾಗ ಅದರಲ್ಲಿ ಸೀಸದ ದೋಷ ಕಾಣಲಿಲ್ಲ. ಪುಡಿ ಮಾಡುವ ಹಂತದಲ್ಲಿಯೇ ಕಲಬೆರಕೆ ನಡೆದಿರಬೇಕೆಂದು ತನಿಖೆಯವರು ಭಾವಿಸಿದರು. ಚಕ್ಕೆಯನ್ನು ಕಣ್ಣು ಗುರುತಿಸಬಲ್ಲುದು. ಪುಡಿಯ ಮುಂದೆ ಕಣ್ಣು ಸೋಲುತ್ತದೆ. ಮನೆಯಲ್ಲಿ ಕುಟ್ಟುವುದು ಕೇವಲ ಹಳೆಯ ಕಾಲದ ಹಂಬಲವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಇನ್ನು ಮಾಡುವ ಕ್ರಮ. ನಮ್ಮ ಸಾರಿನ ಪುಡಿಗೆ ಹುರಿಯುವಂತೆ ಇದಕ್ಕೆ ಹುರಿಯಬೇಕಾಗಿಲ್ಲ. ಮುಂದೆ ಓವನ್ನಿನ ಕಾವು ಹೇಗೂ ಕಾದಿರುತ್ತದೆ. ಪದಾರ್ಥಗಳು ತೇವವಿಲ್ಲದೆ ಗರಿಗರಿಯಾಗಿದ್ದರೆ ಸಾಕು. ಚಕ್ಕೆಯನ್ನು ಮೊದಲು ಚೂರು ಮಾಡಿ ಬೀಸಬೇಕು. ಒಣಶುಂಠಿಯನ್ನು ಜಜ್ಜಿ, ಪುಡಿ ಮಾಡಿ, ನಾರು ಉಳಿಯದಂತೆ ಜರಡಿ ಹಿಡಿಯಬೇಕು. ಜಾಯಿಕಾಯಿಯಲ್ಲಿ ಎಣ್ಣೆಯಂಶ ಹೆಚ್ಚು. ಯಂತ್ರಕ್ಕೆ ಹಾಕಿದರೆ ಮುದ್ದೆಗಟ್ಟುತ್ತದೆ, ಆದ್ದರಿಂದ ತುರಿಮಣೆಯ ಸಣ್ಣ ಹಲ್ಲಿನಲ್ಲಿ ತುರಿಯುವುದು ಲೇಸು. ಹೀಗೆ ಸಿದ್ಧವಾದ ಪುಡಿಗಳನ್ನು ದಾಲ್ಚಿನ್ನಿ 6 ಚಹಾ ಚಮಚ, ಶುಂಠಿ 2, ಜಾಯಿಕಾಯಿ 1, ಆಲ್‌ಸ್ಪೈಸ್ 1, ಲವಂಗ ಅರ್ಧ ಚಮಚದಂತೆ ಕೂಡಿಸಿ ಇನ್ನೊಮ್ಮೆ ಜರಡಿ ಹಿಡಿದರೆ ಆಯಿತು. ಒಂದು ಪೈಗೆ 2 ಚಮಚ ಸಾಕು. ಲವಂಗದ ವಿಷಯದಲ್ಲಿ ಮಾತ್ರ ಕೈ ಬಿಗಿಯಾಗಿರಬೇಕು. ಅದರ ಯೂಜಿನಾಲ್ ಎಂಬ ತೈಲಾಂಶ ಹಲ್ಲುನೋವನ್ನು ಮರಗಟ್ಟಿಸುವಷ್ಟು ಪ್ರಬಲ. ಅಂಥದ್ದು ಹೆಚ್ಚಾದರೆ ಉಳಿದ ನಾಲ್ವರ ದನಿ ಕೇಳಿಸುವುದಿಲ್ಲ.

ಈ ಅಳತೆಯನ್ನು ಶಾಸನವೆಂದು ತಿಳಿಯಬೇಕಾಗಿಲ್ಲ. ಶುಂಠಿಯ ಖಾರ ಮೆಚ್ಚುವವರು ಅರ್ಧ ಚಮಚ ಏರಿಸಬಹುದು. ಆಲ್‌ಸ್ಪೈಸ್ ಸಿಕ್ಕದ ಊರಿನಲ್ಲಿ ಅದನ್ನು ಬಿಟ್ಟು ಜಾಯಿಕಾಯಿ ಮತ್ತು ಚಕ್ಕೆಯನ್ನು ತುಸು ಹೆಚ್ಚಿಸಬಹುದು. ಉತ್ತರ ಕನ್ನಡದ ಅಡಕೆ ತೋಟಗಳ ನೆರಳಲ್ಲಿ ಜಾಯಿಕಾಯಿ ಬೆಳೆಯುವವರಿಗಂತೂ ಜಾಪತ್ರೆಯೂ ಕೈಗೆಟುಕುವಂಥದು. ಸಿಮನ್ಸಳ ಮೊದಲನೆಯ ಪಾಕವನ್ನು ಅವರು ಸುಲಭವಾಗಿ ಮಾಡಿ ನೋಡಬಹುದು. ಸಾರಿನ ಪುಡಿ ಮನೆಯಿಂದ ಮನೆಗೆ ಬೇರೆಯಾಗುವಂತೆ ಇದೂ ಬೇರೆಯಾಗಲಿ. ಪುಡಿ ಮಾಡಿದ ಕ್ಷಣದಿಂದಲೇ ಪರಿಮಳ ಹಾರತೊಡಗುವುದರಿಂದ ಒಂದು ಋತುವಿಗೆ ಸಾಕಾಗುವಷ್ಟನ್ನೇ ಮಾಡಿ, ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ, ಒಲೆಯಿಂದಲೂ ಬಿಸಿಲಿನಿಂದಲೂ ದೂರವಿಡಬೇಕು. ಸೀಸೆಗೆ ಚೀಟಿ ಅಂಟಿಸುವಾಗ ‘ಕುಂಬಳದ ಪುಡಿ’ ಎಂದಷ್ಟೇ ಬರೆಯದೆ, ಐದು ಹೆಸರುಗಳನ್ನೂ ಅವುಗಳ ಅಳತೆಯನ್ನೂ ಕುಟ್ಟಿದ ದಿನವನ್ನೂ ಬರೆದಿಟ್ಟರೆ ಮುಂದಿನ ವರ್ಷ ಮಾಡುವವರಿಗೆ ಉಪಕಾರವಾಗುತ್ತದೆ.