ದಾಖಲೆಯೂ ಅದರ ಹೊರಗಿರುವ ನಿಯಮವೂ



ಮಗುವಿನ ಹೆಸರು, ಜನ್ಮದಿನಾಂಕ, ಮಾತೃಭಾಷೆ, ಸೇರಿದ ತರಗತಿ ಇವುಗಳನ್ನು ಪ್ರವೇಶ ವಹಿಯಲ್ಲಿ ಬರೆದಿಡುವುದು ಶಾಲೆಗಳ ಹಳೆಯ ಪದ್ಧತಿ. ಈಗ ಅದೇ ವಿವರಗಳು ಕೇರಳದಲ್ಲಿ ‘ಸಂಪೂರ್ಣ’, ತಮಿಳುನಾಡಿನಲ್ಲಿ ‘ಎಮಿಸ್’, ಮಹಾರಾಷ್ಟ್ರದಲ್ಲಿ ‘ಸರಲ್’ ಎಂಬ ತಂತ್ರಾಂಶಗಳಿಗೆ ಹೋಗುತ್ತವೆ. ಕೇಂದ್ರದ ಯುಡೈಸ್ ಪ್ಲಸ್ ಕೂಡ 2022-23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನೂ ಪ್ರತ್ಯೇಕವಾಗಿ ಕೇಳುತ್ತಿದೆ. ಹಿಂದೆ ವಹಿಯನ್ನು ನೋಡುತ್ತಿದ್ದವರು ತನಿಖೆಗೆ ಬರುವ ಅಧಿಕಾರಿಗಳು. ಈಗ ಪ್ರತಿಯೊಂದು ಸಾಲನ್ನೂ ಯಂತ್ರವೇ ತಡೆದು ಪರೀಕ್ಷಿಸುತ್ತದೆ. ಆ ಪರೀಕ್ಷೆಯ ನಿಯಮಗಳು ಎಲ್ಲಿರುತ್ತವೆ, ಯಾರ ಕೈಯಲ್ಲಿರುತ್ತವೆ ಎಂಬುದು ಗಡಿನಾಡಿನ ಶಾಲೆಗಳು ವಿಶೇಷವಾಗಿ ತಿಳಿಯಬೇಕಾದ ಸಂಗತಿ.

ನಿಯಮಗಳೆಲ್ಲ ಒಂದೇ ಬಗೆಯವಲ್ಲ. ಫೆಬ್ರವರಿ 30 ಎಂಬ ದಿನಾಂಕ ಎಂದಿಗೂ ಸಲ್ಲದು. ಆಧಾರ್ ಸಂಖ್ಯೆಯ 12 ಅಂಕಿಗಳಲ್ಲಿ ಕೊನೆಯದು ತಾಳೆಯ ಅಂಕಿ. ಮೊದಲ 11 ಅಂಕಿಗಳಿಂದ ಅದನ್ನು ಲೆಕ್ಕ ಹಾಕಿ ಪಡೆಯುತ್ತಾರೆ. ಡಚ್ ಗಣಿತಜ್ಞ ಯಾಕೋಬುಸ್ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ಈ ವಿಧಾನದಿಂದ, ಒಂದು ಅಂಕಿ ತಪ್ಪಿದರೂ ಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಯಂತ್ರಕ್ಕೆ ಗೊತ್ತಾಗುತ್ತದೆ. ಇಂಥ ನಿಯಮಗಳು ಬದಲಾಗುವುದಿಲ್ಲವಾದ್ದರಿಂದ ತಂತ್ರಾಂಶದ ಒಳಗೇ ಇದ್ದರೂ ತೊಂದರೆಯಿಲ್ಲ.

ಸರಕಾರದ ಆದೇಶದಿಂದ ಹುಟ್ಟುವ ನಿಯಮಗಳ ಸ್ವಭಾವ ಬೇರೆ. ಒಂದನೆಯ ತರಗತಿಯ ಪ್ರವೇಶಕ್ಕೆ ಕೇರಳದಲ್ಲಿ ಬಹುಕಾಲದಿಂದ ಇದ್ದ ಮಿತಿ, ಜೂನ್ 1ಕ್ಕೆ 5 ವರ್ಷ ತುಂಬಿರಬೇಕೆಂಬುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6 ವರ್ಷವೆಂದಿತು. ಕೇರಳವು 2026-27ರಿಂದ 6 ವರ್ಷವೆಂದು 2025ರಲ್ಲಿ ಪ್ರಕಟಿಸಿತು. ಕರ್ನಾಟಕವು 2025-26ರಿಂದ 6 ವರ್ಷವೆಂದು ಗೊತ್ತುಮಾಡಿ, ಪೋಷಕರ ಒತ್ತಾಯದ ಮೇಲೆ ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳೆಂದು ಸಡಿಲಿಸಿತು. ತಂತ್ರಾಂಶ ರಚಿಸುವವರು 5 ಎಂಬ ಅಂಕಿಯನ್ನು ಅದರ ಒಳಗೆ ಹುದುಗಿಸಿಟ್ಟರೆ, ಪ್ರತಿ ಆದೇಶಕ್ಕೂ ತಂತ್ರಾಂಶವನ್ನೇ ಬಿಚ್ಚಿ ತಿದ್ದಬೇಕಾಗುತ್ತದೆ. ಆದ್ದರಿಂದ ಇಂಥ ನಿಯಮಗಳನ್ನು ಹೊರಗೆ, ಒಂದು ಕೋಷ್ಟಕದಲ್ಲಿ ಇಡುವುದು ಮೇಲು: ರಾಜ್ಯ, ತರಗತಿ, ಕನಿಷ್ಠ ವಯಸ್ಸು, ಯಾವ ದಿನಾಂಕಕ್ಕೆ ಎಣಿಕೆ, ಆದೇಶದ ಸಂಖ್ಯೆ, ಎಂದಿನಿಂದ ಎಂದಿನವರೆಗೆ ಜಾರಿ. ಈ ಕೋಷ್ಟಕವನ್ನು ಕಾಪಾಡಬೇಕಾದವರು ಆದೇಶವನ್ನು ಬಲ್ಲ ಶಿಕ್ಷಣ ಇಲಾಖೆಯವರು. ಯಂತ್ರದ ಕೆಲಸ ಅದನ್ನು ಓದಿ ತಾಳೆ ನೋಡುವುದಷ್ಟೇ.

ಕೊನೆಯ ಎರಡು ಕಲಮುಗಳೇ ಇಲ್ಲಿ ಪ್ರಾಣ. ಹೊಸ ಆದೇಶ ಬಂದೊಡನೆ ಹಳೆಯ ಸಾಲನ್ನು ಅಳಿಸಿಬಿಟ್ಟರೆ, ಹಿಂದೆ ಕ್ರಮಬದ್ಧವಾಗಿ ಸೇರಿದ ಮಕ್ಕಳೆಲ್ಲ ಒಂದೇ ದಿನದಲ್ಲಿ ತಪ್ಪಿತಸ್ಥರಾಗುತ್ತಾರೆ. 2020ರ ಫೆಬ್ರವರಿ 10ರಂದು ಹುಟ್ಟಿದ ಮಗುವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2025ರ ಜೂನ್ 1ಕ್ಕೆ ಅದರ ವಯಸ್ಸು 5 ವರ್ಷ 3 ತಿಂಗಳು ಮೀರಿತ್ತು. ಕಾಸರಗೋಡಿನ ಕನ್ನಡ ಶಾಲೆಯ ಒಂದನೆಯ ತರಗತಿಗೆ ಅದು ನ್ಯಾಯವಾಗಿಯೇ ಸೇರಿತು. ಮರುವರ್ಷ ತಂದೆತಾಯಿ ಮಂಗಳೂರಿಗೆ ಬಂದರೆ ಮಗು ವರ್ಗಾವಣೆ ಪತ್ರದೊಡನೆ ಎರಡನೆಯ ತರಗತಿಗೆ ಬರುತ್ತದೆ. ಆಗ ವಯಸ್ಸು 6 ವರ್ಷ 3 ತಿಂಗಳು. ಒಂದನೆಯದಕ್ಕೆ 6 ಎಂದಾದರೆ ಎರಡನೆಯದಕ್ಕೆ 7 ಎಂದು ಯಂತ್ರ ಲೆಕ್ಕ ಹಾಕಿದರೆ ಆ ಸಾಲು ತಿರಸ್ಕೃತವಾಗುತ್ತದೆ. ಮಗುವಿನದೂ ತಪ್ಪಿಲ್ಲ, ಶಾಲೆಯದೂ ತಪ್ಪಿಲ್ಲ. ಮೊದಲ ಪ್ರವೇಶದ ರಾಜ್ಯ ಮತ್ತು ದಿನಾಂಕವನ್ನು ಹಿಡಿದು ಅಂದಿನ ನಿಯಮದಿಂದ ಪರೀಕ್ಷಿಸಿದ್ದರೆ ಅದೇ ಸಾಲು ನಿರಾತಂಕವಾಗಿ ಒಳಗೆ ಹೋಗುತ್ತಿತ್ತು.

ಇಂಥ ಹೊತ್ತಿನಲ್ಲೇ ಜನ್ಮದಿನಾಂಕವನ್ನು ಕೊಂಚ ಹಿಂದಕ್ಕೆ ಸರಿಸುವ ಪ್ರಲೋಭನೆ ಹುಟ್ಟುತ್ತದೆ. ಯಂತ್ರ ಸುಮ್ಮನಾಗುತ್ತದೆ, ನಿಜ. ಆದರೆ ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ. ಸಾಲು ತಿರಸ್ಕೃತವಾಗಿಯೇ ಉಳಿದರೂ ಹಾನಿ ಸಣ್ಣದಲ್ಲ. ಕೇರಳದಲ್ಲಿ ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕ ಹುದ್ದೆಗಳು ನಿಗದಿಯಾಗುತ್ತವೆ. ಬೆರಳೆಣಿಕೆಯ ಮಕ್ಕಳಿರುವ ಕನ್ನಡ ವಿಭಾಗದಲ್ಲಿ ಲೆಕ್ಕಕ್ಕೆ ಬಾರದ ಒಂದು ಹೆಸರೂ ಭಾರವೇ.

ನಿಯಮವನ್ನು ದಾಟಿದ ದಾಖಲೆಯೆಲ್ಲ ಸತ್ಯವೆಂದೂ ತಿಳಿಯಲಾಗದು. ಮಾರ್ಚ್ 7 ಎಂಬುದು ಜುಲೈ 3 ಎಂದಾಗಿದ್ದರೆ ಎರಡೂ ಸರಿಯಾದ ದಿನಾಂಕಗಳೇ. ಯಂತ್ರ ಎರಡನ್ನೂ ಒಪ್ಪುತ್ತದೆ. ಅದನ್ನು ಹಿಡಿಯಬಲ್ಲವರು ಮನೆಯವರನ್ನು ಬಲ್ಲ ಶಿಕ್ಷಕರು ಮಾತ್ರ.

ಮಾತೃಭಾಷೆಯ ಕಲಮಿನ ವಿಷಯ ಇನ್ನೂ ಸೂಕ್ಷ್ಮ. ಕಾಸರಗೋಡಿನ ಕನ್ನಡ ಶಾಲೆಗೆ ತುಳು, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳೂ ಬರುತ್ತಾರೆ. ಮಾತೃಭಾಷೆಯೂ ಮಾಧ್ಯಮವೂ ಒಂದೇ ಇರಬೇಕೆಂದು ರಾಜಧಾನಿಯಲ್ಲಿ ಕುಳಿತು ಯಾರಾದರೂ ನಿಯಮ ಬರೆದರೆ ಅದು ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ, ಶಾಲೆಯಲ್ಲಿ ಮುರಿದುಬೀಳುತ್ತದೆ. ಇಂಥಲ್ಲಿ ಯಂತ್ರ ತಿರಸ್ಕರಿಸಬಾರದು, ‘ಮತ್ತೊಮ್ಮೆ ನೋಡಿ’ ಎಂದು ಎಚ್ಚರಿಸಿದರೆ ಸಾಕು. ನಿಯಮವು ಹೊರಗಿನ ಕೋಷ್ಟಕದಲ್ಲಿದ್ದರೆ ಈ ಬದಲಾವಣೆಯೂ ಒಂದು ಸಾಲಿನ ಕೆಲಸ. ಅಷ್ಟು ಸುಲಭವಾದ್ದರಿಂದಲೇ ಅಪಾಯವೂ ಉಂಟು: ಒಂದು ಅಂಕಿ ತಪ್ಪಿದರೆ ಮರುದಿನ ಇಡೀ ಜಿಲ್ಲೆಯ ದಾಖಲೆಗಳು ಹಿಂದಿರುಗುತ್ತವೆ. ಹೊಸ ಸಾಲನ್ನು ಜಾರಿಗೆ ತರುವ ಮೊದಲು ಹಳೆಯ ದಾಖಲೆಗಳ ಮೇಲೆ ಹಚ್ಚಿ ನೋಡಬೇಕು. ಆ ಹಳೆಯ ದಾಖಲೆಗಳಲ್ಲಿ ಭಾಷಾ ಅಲ್ಪಸಂಖ್ಯಾತರ ಶಾಲೆಯದೂ ಒಂದು ಇರಬೇಕೆಂದು ಶಿಕ್ಷಕರ ಸಂಘಗಳು ಕೇಳುವುದು ಉಚಿತ.

ಸಾಲು ತಿರಸ್ಕೃತವಾದಾಗ ಶಾಲೆ ಮಾಡಬೇಕಾದದ್ದು ಇಷ್ಟು. ಪರದೆಯ ಮೇಲೆ ಬಂದ ಸಂದೇಶವನ್ನು ಇದ್ದಂತೆಯೇ ಬರೆದುಕೊಂಡು, ಮೊದಲ ಪ್ರವೇಶದ ದಿನಾಂಕ, ಅಂದು ಜಾರಿಯಲ್ಲಿದ್ದ ಆದೇಶದ ಸಂಖ್ಯೆ, ಜನನ ಪ್ರಮಾಣಪತ್ರದ ನಕಲು ಇವುಗಳೊಡನೆ ಮೇಲಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು. ಆ ಪತ್ರದ ಒಂದು ಪ್ರತಿ ಪ್ರವೇಶ ವಹಿಯೊಡನೆ ಇರಲಿ. ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವಾಗ ಅದೇ ಪ್ರಶ್ನೆ ಮತ್ತೆ ಏಳಬಹುದು.