ಹಾಲಿನಿಂದ ಬಂದದ್ದೋ, ರಕ್ತದಿಂದ ಬಂದದ್ದೋ



‘ಈ ರೋಗ ಅವರ ಮನೆತನದಾಗೇ ಅದ’ ಎಂದು ನಾವು ಎಷ್ಟು ಸಲೀಸಾಗಿ ಅಂದುಬಿಡುತ್ತೇವೆ! ಆ ಮಾತು ಬರಬರುತ್ತ ಹೆಣ್ಣು ಕೊಡುವ, ತರುವ ಮಾತುಕತೆಗೂ ಅಡ್ಡ ಬರುತ್ತದೆ. ಮನೆತನದಲ್ಲಿದ್ದದ್ದೆಲ್ಲ ರಕ್ತದಲ್ಲಿ ಇರಬೇಕೆಂದಿಲ್ಲ. ಇದನ್ನು ಇಲಿಗಳಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ.

ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಒಡಹುಟ್ಟಿದ ಇಲಿಗಳನ್ನೇ ತಲೆಮಾರುಗಟ್ಟಲೆ ಕೂಡಿಸಿ ತಳಿ ಮಾಡಿದ್ದರು. 20 ತಲೆಮಾರು ಹಾಗೆ ನಡೆದರೆ ಆ ತಳಿಯ ಇಲಿಗಳೆಲ್ಲ ಹೆಚ್ಚುಕಡಿಮೆ ಅವಳಿಗಳೇ. ಒಂದು ತಳಿಯಲ್ಲಿ ಹೆಣ್ಣಿಲಿಗಳಿಗೆ ಮೊಲೆಯ ಗಡ್ಡೆ ವಿಪರೀತ. ತಾಯಿಗೆ ಬಂದದ್ದು ಮಗಳಿಗೂ. ವಂಶದ ರೋಗವೆಂದು ತೀರ್ಮಾನಿಸಲು ಇನ್ನೇನು ಬೇಕು? 1936ರಲ್ಲಿ ಅಲ್ಲಿನ ವಿಜ್ಞಾನಿ ಜಾನ್ ಬಿಟ್ನರ್ ಆ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ, ಗಡ್ಡೆ ಅಪರೂಪವಾದ ತಳಿಯ ತಾಯಿಯ ಮೊಲೆಗೆ ಬಿಟ್ಟರು. ಆ ಮರಿಗಳಲ್ಲಿ ಗಡ್ಡೆ ಬಹಳ ಕಡಿಮೆಯಾಯಿತು. ಹಾಲಿನಲ್ಲಿದ್ದದ್ದು ಒಂದು ವೈರಸ್ ಎಂದು ಆಮೇಲೆ ತಿಳಿಯಿತು. ಅವ್ವಂದಿರು ಗಾಬರಿಯಾಗಬೇಡಿ, ಅದು ಇಲಿಯ ವೈರಸ್. ಕೂಸಿಗೆ ಮೊಲೆಯೂಡಿಸಿದರೆ ತಾಯಿಗೆ ಸ್ತನ ಕ್ಯಾನ್ಸರಿನ ಅಪಾಯ ತಗ್ಗುತ್ತದೆ.

ನಿಜವಾಗಿ ರಕ್ತದಲ್ಲೇ ಬರುವ ಸ್ತನ ಕ್ಯಾನ್ಸರೂ ಉಂಟು. 1990ರಲ್ಲಿ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಅದಕ್ಕೆ ಕಾರಣವಾದ ಜೀನಿನ ಜಾಡು ಹಿಡಿದದ್ದು ಮನುಷ್ಯರ ಕುಟುಂಬಗಳಲ್ಲಿ, 17ನೇ ಕ್ರೋಮೋಸೋಮಿನ ಮೇಲೆ. ಬಿಆರ್‌ಸಿಎ1 ಎಂಬ ಆ ಜೀನ್ ಕೆಟ್ಟಿದ್ದರೆ ಅದು ಪ್ರತಿ ಮಗುವಿಗೂ ಇಳಿಯುವ ಸಾಧ್ಯತೆ ಅರ್ಧಕ್ಕರ್ಧ. ಇಲಿಯಲ್ಲಿ ಅದೇ ಜೀನನ್ನು ಕೆಡಿಸಿ ನೋಡಿದರು. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಇಲಿ ಆರಾಮಾಗಿ ಓಡಾಡಿಕೊಂಡಿತ್ತು. ಎರಡೂ ಕೆಟ್ಟರೆ ಗರ್ಭದಲ್ಲೇ ಸತ್ತಿತು. 1999ರ ಹೊತ್ತಿಗೆ, ಮೊಲೆಯ ಜೀವಕೋಶಗಳಲ್ಲಷ್ಟೇ ಜೀನನ್ನು ತೆಗೆದಾಗ, ತಡವಾಗಿ ಗಡ್ಡೆ ಬಂತು. ಇಂಥ ಕ್ಯಾನ್ಸರಿಗೆ ಕೊಡುವ ಒಲಾಪರಿಬ್ ಎಂಬ ಔಷಧಿಯನ್ನು ಇಂಥ ಇಲಿಗಳ ಮೇಲೂ ಪರೀಕ್ಷಿಸಿದರು. ಇಲಿಯನ್ನು ನಂಬಬೇಕು, ಆದರೆ ಅದರ ಮಾತನ್ನು ಮನುಷ್ಯರಲ್ಲಿ ತಾಳೆ ನೋಡಿಯೇ ನಂಬಬೇಕು.

ನಮ್ಮ ಕಡೆಯ ಬಾಯಿಯ ಕ್ಯಾನ್ಸರಿಗೆ ಬನ್ನಿ. ಅಪ್ಪನಿಗೂ ಮಗನಿಗೂ ಬಂದರೆ ವಂಶವನ್ನು ದೂರುವ ಮೊದಲು ಇಬ್ಬರ ಕಿಸೆಯಲ್ಲೂ ಇರುವ ತಂಬಾಕಿನ ಚೀಟು ನೋಡಿ. ಒಟ್ಟು ಕ್ಯಾನ್ಸರುಗಳಲ್ಲಿ ವಂಶದಿಂದ ಬರುವುದು 100ಕ್ಕೆ 5ರಿಂದ 10 ಮಾತ್ರ. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಎಲ್ಲಿ ಗಡ್ಡೆ ಆಗಿತ್ತೆಂದು ಹೇಳಿ. ಅವ್ವ, ಚಿಗವ್ವಂದಿರದಷ್ಟೇ ಅಲ್ಲ, ಅಪ್ಪನ ಅಕ್ಕ-ತಂಗಿಯರದನ್ನೂ ಹೇಳಿ. ಕೆಟ್ಟ ಬಿಆರ್‌ಸಿಎ1 ಜೀನ್ ಅಪ್ಪನಿಂದಲೂ ಬರುತ್ತದೆ.