ಅಂಕಿಗೆ ಪಕ್ಷವಿಲ್ಲ
ಪುರಸೈವಾಕ್ಕಂನ ಕನ್ನಡ ಜೈನ ಬಂಧುಗಳಿಗೆ ನೀಡಿದ ಉಪನ್ಯಾಸ



ಉದ್ಯೋಗದ ಅಂಕಿಗಳನ್ನು ರಾಜಕಾರಣಿಗಳು ನಂಬುವುದೂ ಶಂಕಿಸುವುದೂ ಅವರು ಕುಳಿತ ಸಾಲನ್ನು ಅವಲಂಬಿಸಿದೆ. 2009-10ರ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಉದ್ಯೋಗವೃದ್ಧಿ ಅತ್ಯಲ್ಪವೆಂದಾಗ ಯುಪಿಎ ಸರ್ಕಾರವು ಅದು ಬರಗಾಲದ ವರ್ಷವೆಂದು 2011-12ರಲ್ಲಿ ಮತ್ತೆ ಸಮೀಕ್ಷೆ ನಡೆಸಿತು. 2017-18ರಲ್ಲಿ ನಿರುದ್ಯೋಗ ಶೇ. 6.1 ಎಂದ ವರದಿಯನ್ನು ಎನ್‌ಡಿಎ ಸರ್ಕಾರ ಪ್ರಕಟಿಸದೆ ಉಳಿಸಿತು. 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ರಾಜೀನಾಮೆಯಿತ್ತರು. ಪತ್ರಿಕೆಗೆ ಸೋರಿದ ವರದಿಯನ್ನು ಸರ್ಕಾರ ಬರಿಯ ಕರಡೆಂದಿತು. ಚುನಾವಣೆ ಮುಗಿದ ಮೇಲೆ, ಮೇ 31ರಂದು, ಅದೇ 6.1 ಅಧಿಕೃತವಾಯಿತು. 2023-24ರಲ್ಲಿ ಇದೇ ಸಮೀಕ್ಷೆ ಶೇ. 3.2 ಎಂದಾಗ ಆಳುವವರಿಗೆ ಅದು ಪ್ರಮಾಣವಾಯಿತು, ಹಿಂದೆ 6.1ನ್ನು ಎತ್ತಿಹಿಡಿದಿದ್ದ ವಿರೋಧಿಗಳಿಗೆ ಸಂದೇಹವಾಯಿತು.

ಈ ವಾಗ್ವಾದದಲ್ಲಿ ಒಳಲೆಕ್ಕ ಮರೆಯಾಗುತ್ತದೆ. ತಂದೆಯ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಸಂಬಳವಿಲ್ಲದೆ ದುಡಿಯುವ ಪದವೀಧರ ಮಗನನ್ನೂ ಸಮೀಕ್ಷೆ ಉದ್ಯೋಗಸ್ಥನೆಂದೇ ಎಣಿಸುತ್ತದೆ. ದುಡಿಯುವವರಲ್ಲಿ ಇಂಥ ವೇತನರಹಿತ ಕುಟುಂಬ ಸಹಾಯಕರ ಪಾಲು 2017-18ರಲ್ಲಿ ಶೇ. 13.6 ಇದ್ದದ್ದು 2023-24ರಲ್ಲಿ ಶೇ. 19.4ಕ್ಕೆ ಏರಿದೆ. ಅಂಕಿ ಸುಳ್ಳಲ್ಲ, ಅದನ್ನು ಅರ್ಧ ಓದುವುದೇ ಅಸತ್ಯ.

ವ್ಯಾಪಾರಿ ಕುಲದವರಿಗೆ ಇದನ್ನು ವಿವರಿಸಬೇಕಿಲ್ಲ. ಲಾಭದ ವರ್ಷ ಖಾತೆಯನ್ನು ಮೆರೆಸಿ, ನಷ್ಟದ ವರ್ಷ ಬಚ್ಚಿಡುವವನಿಗೆ ಯಾರೂ ಸಾಲ ಕೊಡರು. ಮತ ಕೇಳಲು ಬಂದವರನ್ನು, ಯಾವ ಪಕ್ಷದವರೇ ಆಗಲಿ, ಒಂದೇ ಪ್ರಶ್ನೆ ಕೇಳಿರಿ: ಅಂಕಿ ಕಹಿಯಾದಾಗಲೂ, ಚುನಾವಣೆ ಎದುರಿದ್ದಾಗಲೂ, ನಿಗದಿತ ದಿನದಂದೇ ಅದನ್ನು ಪ್ರಕಟಿಸುವಿರಾ?